ಬ್ರೇಕ್ ಕೀಂಯ್ ಎಂದರೆ ಮೊದಲು ಪಿನ್ ನೋಡಿ

ತೀರ್ಥಹಳ್ಳಿ ಕಡೆಯ ಮಳೆಗಾಲ ಕಾರಿನ ಬ್ರೇಕಿಗೆ ಒಳ್ಳೆಯದಲ್ಲ. ಕೆಂಪು ಕೆಸರು ಚಕ್ರದೊಳಗೆಲ್ಲ ಹೋಗಿ ಕೂರುತ್ತದೆ. ಉಡುಪಿಗೆ ಹೊರಟರೆ ಆಗುಂಬೆ ಘಾಟಿಯ 14 ತಿರುವು ಇಳಿಯಬೇಕು. ಕೆಳಗಿನ ಸೋಮೇಶ್ವರ ಮುಟ್ಟುವಷ್ಟರಲ್ಲಿ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ, ಚೆನ್ನಾಗಿ ಕಾದಿರುತ್ತದೆ, ಅದರ ಮೇಲೆ ಮತ್ತೆ ನೀರು. ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಹಳೇ ಹ್ಯಾಚ್‌ಬ್ಯಾಕ್ ಬ್ರೇಕ್ ಒತ್ತಿದಾಗಲೆಲ್ಲ ಕೀಂಯ್ ಎನ್ನಲು ಶುರುಮಾಡಿತು.

ಒಂದು ಗ್ಯಾರೇಜಿನಲ್ಲಿ ಚಕ್ರ ಬಿಚ್ಚದೇನೇ "ಪ್ಯಾಡ್ ಹೋಗಿದೆ ಸಾರ್, ಎರಡೂ ಕಡೆ ಹೊಸದು ಹಾಕ್ಬಿಡೋಣ" ಎಂದರು. ಪ್ಯಾಡ್ ಎಂದರೆ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ, ಸವೆಯುವ ತುಂಡು. ಅದು ಎಷ್ಟು ಉಳಿದಿದೆ ಅಂತ ನೋಡದೆ ಹೇಳಿದ ಮಾತು ನನಗೆ ಸರಿ ಅನ್ನಿಸಲಿಲ್ಲ. ಮನೆಯಲ್ಲೇ ಬಿಚ್ಚಿ ನೋಡುವುದು ಎಂದು ತೀರ್ಮಾನ ಮಾಡಿದೆ.

ಬಿಚ್ಚುವ ಮೊದಲು ಕಿವಿಗೆ ಕೆಲಸ ಕೊಡಬೇಕು. ಬೆಳಗ್ಗೆ ಕಾರು ತೆಗೆದಾಗ ಬರುವ ಸದ್ದು ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ನಿಂತುಹೋದರೆ ಅದು ರಾತ್ರಿ ಡಿಸ್ಕ್ ಮೇಲೆ ಕೂತ ತೆಳು ತುಕ್ಕು. ಅದಕ್ಕೆ ಏನೂ ಮಾಡಬೇಕಾಗಿಲ್ಲ. ಬ್ರೇಕ್ ಒತ್ತದೆ ಇದ್ದಾಗಲೂ ಚಕ್ರದ ಜೊತೆ ಸದ್ದು ಸುತ್ತುತ್ತಿದ್ದರೆ, ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿಕೊಂಡಿರಬಹುದು. ಅಥವಾ ಪ್ಯಾಡ್ ಸವೆದಿದೆ ಎಂದು ಎಚ್ಚರಿಸುವ ಪುಟ್ಟ ತಗಡಿನ ನಾಲಿಗೆ ಡಿಸ್ಕಿಗೆ ತಾಗುತ್ತಿರಬಹುದು. ಎಲ್ಲ ಪ್ಯಾಡಿನಲ್ಲೂ ಈ ನಾಲಿಗೆ ಇರುವುದಿಲ್ಲ. ಇದ್ದರೆ ಸುಮಾರು 2–3 ಮಿಲಿಮೀಟರ್ ಪ್ಯಾಡ್ ಉಳಿದಾಗ ಅದು ಕೂಗತೊಡಗುತ್ತದೆ. ಇನ್ನು ಗರ್‌ರ್ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಕೇಳಿದರೆ ಕಾರು ಓಡಿಸುವುದನ್ನೇ ನಿಲ್ಲಿಸಿ.

ನಮ್ಮದು ಇದ್ಯಾವುದೂ ಅಲ್ಲ. ಮೆಲ್ಲಗೆ ಬ್ರೇಕ್ ಒತ್ತಿದಾಗ, ಅದೂ ಕಾರು ನಿಲ್ಲುವ ಹೊತ್ತಿಗೆ ಜಾಸ್ತಿ. ಜೋರಾಗಿ ಒತ್ತಿದರೆ ಸದ್ದೇ ಇಲ್ಲ. ಯಾವ ಚಕ್ರ ಅಂತ ಗೊತ್ತಾಗಲು ಒಂದು ಸುಲಭ ದಾರಿ ಇದೆ. ಉದ್ದನೆಯ ಕಾಂಪೌಂಡ್ ಗೋಡೆ ಪಕ್ಕದಲ್ಲಿ ಕಿಟಕಿ ಇಳಿಸಿಕೊಂಡು ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಬೇಕು. ಗೋಡೆ ಕಡೆಯ ಚಕ್ರದ ಸದ್ದು ವಾಪಸ್ ಬಂದು ಕಿವಿಗೆ ಬಡಿಯುತ್ತದೆ. ನಾನು ಓಡಿಸಿದೆ, ನನ್ನ ಭಾವಮೈದ ಎಡಗಡೆ ಕೂತು ಕೇಳಿಸಿಕೊಂಡ. "ಭಾವ, ಮುಂದಿಂದೇ, ನನ್ನ ಕಾಲ ಹತ್ರಾನೇ ಕೂಗ್ತಿದೆ" ಎಂದ. ಎದುರು ದಿಕ್ಕಿನಲ್ಲಿ ಬಂದಾಗ ಗೋಡೆ ಕಡೆ ಸದ್ದಿಲ್ಲ. ಮುಂದಿನ ಎಡ ಚಕ್ರ ಎಂದು ಖಾತ್ರಿಯಾಯಿತು.

ಸಿಮೆಂಟ್ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿದ್ದಾಗಲೇ ಸ್ವಲ್ಪ ಸಡಿಲಿಸಬೇಕು. ಕಾರಿನ ಜೊತೆ ಬರುವ ಜಾಕಿ ಎತ್ತುವುದಕ್ಕೆ ಮಾತ್ರ. ಬರೀ ಅದನ್ನೇ ನಂಬಿ ಕೆಲಸಕ್ಕೆ ಕೂರಬೇಡಿ, ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಕೊಡಲೇಬೇಕು. ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬಾರದು, ಏರ್ ಹೊಡೆಯಲೂಬಾರದು. ಕೆಲವು ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ.

ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಅದರ ಕೆಳಗಿನ ಬೋಲ್ಟ್ ತೆಗೆದರೆ ಅದು ಮೇಲಿನ ಪಿನ್ ಮೇಲೆ ತಿರುಗಿ ಏಳಬೇಕು. ಏಳಲಿಲ್ಲ. ಎರಡೂ ಬೋಲ್ಟ್ ಬಿಚ್ಚಿ, ಅಲ್ಲಾಡಿಸಿ ಎಳೆದು ತೆಗೆದೆ. ಬ್ರೇಕ್ ಪೈಪಿಗೆ ಭಾರ ಬೀಳದ ಹಾಗೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಪ್ಯಾಡ್ ಕೈಗೆ ಬಂದಾಗಲೇ ವಿಷಯ ಅರ್ಧ ತಿಳಿಯಿತು. ಹೊರಗಿನದು 8 ಮಿಲಿಮೀಟರ್ ಇದೆ, ಒಳಗಿನದು 4. ನಮ್ಮಂಥ ಕಾರಿನಲ್ಲಿ, ಪೆಡಲ್ ಒತ್ತಿದಾಗ ಮುಂದೆ ಬರುವ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ ಜಾರದಿದ್ದರೆ ಒಳಗಿನ ಪ್ಯಾಡಿನ ಮೇಲೇ ಭಾರವೆಲ್ಲ ಬೀಳುತ್ತದೆ. ಬ್ರೇಕ್ ಬಿಟ್ಟ ಮೇಲೂ ಅದು ಸರಿಯಾಗಿ ಸಡಿಲವಾಗುವುದಿಲ್ಲ.

ಕೆಳಗಿನ ಪಿನ್ ಎಳೆದಾಗ ಅಂಟಂಟು ಸದ್ದಿನೊಂದಿಗೆ ಹೊರಬಂತು. ಪಿನ್ನಿಗೆ ನೀರು, ಕೆಸರು ತಾಗದಂತೆ ಮುಚ್ಚುವ ರಬ್ಬರ್ ಬೂಟಿನ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಸೀಳು. ಅದರೊಳಗಿಂದ ಕಂದು ನೀರು ನನ್ನ ಅಂಗೈ ಮೇಲೆ ಇಳಿಯಿತು. ಪಿನ್ ಮೇಲೆ ಗ್ರೀಸ್ ಎನ್ನುವುದು ಉಳಿದಿರಲಿಲ್ಲ. ಕೆಮ್ಮಣ್ಣು ಮತ್ತು ತುಕ್ಕು ಸೇರಿ ರಾಗಿ ಮುದ್ದೆಯಂತೆ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಮೇಲಿನ ಪಿನ್ ಒಣಗಿತ್ತು, ಆದರೆ ತುಕ್ಕು ಹಿಡಿದಿರಲಿಲ್ಲ.

ಕೂಗುವ ಸದ್ದು ಹುಟ್ಟುವುದು ಅದುರುವಿಕೆಯಿಂದ. ಪ್ಯಾಡ್, ಡಿಸ್ಕ್, ಕ್ಯಾಲಿಪರ್ ಎಲ್ಲ ಒಂದಕ್ಕೊಂದು ಸೇರಿ ಸೆಕೆಂಡಿಗೆ ಸಾವಿರಾರು ಸಲ ಅದುರಿದಾಗ ನಮಗೆ ಕೀಂಯ್ ಅಂತ ಕೇಳುತ್ತದೆ. ಪ್ಯಾಡ್ ಸರಿಯಾಗಿ ಕೂತು, ಸಲೀಸಾಗಿ ಜಾರಿದರೆ ಆ ಅದುರುವಿಕೆಗೆ ಅವಕಾಶ ಕಡಿಮೆ. ಪಿನ್ ಹಿಡಿದುಕೊಂಡಿದ್ದಾಗ ಹೊಸ ಪ್ಯಾಡ್ ಹಾಕಿದರೆ ಸದ್ದು ಕೆಲವು ದಿನ ನಿಲ್ಲಬಹುದು, ಆಮೇಲೆ ಅದೂ ಹೀಗೇ ಓರೆಯಾಗಿ ಸವೆಯುತ್ತದೆ. ಅದಕ್ಕೇ ನೋಡದೆ ಪ್ಯಾಡ್ ಬದಲಿಸುವುದನ್ನು ನಾನು ರಿಪೇರಿ ಎಂದು ಕರೆಯುವುದಿಲ್ಲ.

ಪಿನ್‌ಗಳನ್ನು ಒರೆಸಿ, ತುಕ್ಕನ್ನು ನಯವಾದ ಎಮೆರಿ ಪೇಪರಿನಲ್ಲಿ ತೆಗೆದೆ. ಗುಳಿ ಬಿದ್ದಿದ್ದರೆ ಹೊಸ ಪಿನ್ನೇ ಬೇಕಾಗುತ್ತಿತ್ತು. ರಂಧ್ರದೊಳಗಿನ ಕೆಸರು ತೆಗೆದು ಹೊಸ ಬೂಟ್ ಹಾಕಿದೆ. ಮೇಲಿನ ಪಿನ್ ಮೇಲಕ್ಕೇ, ಕೆಳಗಿನದು ಕೆಳಕ್ಕೇ. ಎಷ್ಟೋ ಕಾರುಗಳಲ್ಲಿ ಎರಡೂ ಒಂದೇ ಥರ ಇರುವುದಿಲ್ಲ. ಇಲ್ಲಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಬೇಕು. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ.

ಇನ್ನೊಂದು ಜಾಗವನ್ನು ಬಹಳ ಜನ ನೋಡುವುದೇ ಇಲ್ಲ. ಪ್ಯಾಡಿನ ಎರಡು ಕಿವಿ ಕೂರುವ ಕಡೆ ಸ್ಟೀಲ್ ಕ್ಲಿಪ್ ಇರುತ್ತವಲ್ಲ, ಅವುಗಳ ಅಡಿ. ಕ್ಲಿಪ್ ಮೇಲ್ನೋಟಕ್ಕೆ ಹೊಳೆಯುತ್ತಿತ್ತು. ತೆಗೆದು ನೋಡಿದರೆ ಕೆಳಗಿನ ಕಬ್ಬಿಣ ತುಕ್ಕಿನಿಂದ ಉಬ್ಬಿ, ಕ್ಲಿಪ್ಪನ್ನು ಮೇಲೆತ್ತಿ ಪ್ಯಾಡನ್ನು ಹಿಡಿದಿತ್ತು. ತಂತಿ ಬ್ರಷ್ಷಿನಲ್ಲಿ ಉಜ್ಜಿ, ಅರದಿಂದ ಒಂದೆರಡು ಸಲ ಎಳೆದು ಸಮ ಮಾಡಿದೆ. ಬೆರಳಿನಿಂದ ತಳ್ಳಿದರೆ ಪ್ಯಾಡ್ ಸರಾಗ ಜಾರಬೇಕು, ಅಷ್ಟು.

ಘಾಟಿಯ ಬಿಸಿಗೆ ಪ್ಯಾಡಿನ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎಮೆರಿ ಪೇಪರನ್ನು ನೆಲದ ಮೇಲಿಟ್ಟು, ಹೊಳಪು ಹೋಗುವಷ್ಟು ಮಾತ್ರ ಉಜ್ಜಿದೆ. ಪ್ಯಾಡಿನ ಕಿವಿಗೆ, ಬೆನ್ನಿನಲ್ಲಿ ಪಿಸ್ಟನ್ ತಾಗುವ ಕಡೆಗೆ ತೆಳುವಾಗಿ ಅದೇ ಗ್ರೀಸ್. ಡಿಸ್ಕಿಗಾಗಲಿ ಪ್ಯಾಡಿನ ಮುಖಕ್ಕಾಗಲಿ ಒಂದು ಹನಿಯೂ ತಾಗಬಾರದು. ಡಿಸ್ಕಿನ ದಪ್ಪವನ್ನೂ ಅಳೆದೆ. ಎಷ್ಟಕ್ಕಿಂತ ಕಡಿಮೆ ಆಗಬಾರದು ಎಂದು ಸಾಮಾನ್ಯವಾಗಿ ಅದರ ಮೇಲೇ ಕೊರೆದಿರುತ್ತಾರೆ.

ಜೋಡಿಸಿ, ಬೋಲ್ಟುಗಳನ್ನು ಕಾರಿನ ಪುಸ್ತಕದಲ್ಲಿದ್ದಷ್ಟು ಬಿಗಿ ಮಾಡಿದ ಮೇಲೆ, ಕಾರು ಅಲ್ಲಾಡಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತುತ್ತಾ ಇರಬೇಕು. ಇದನ್ನು ಮರೆತರೆ ಮೊದಲ ಬ್ರೇಕಿಗೆ ಕಾರು ನಿಲ್ಲುವುದಿಲ್ಲ. ಆಮೇಲೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಎಂದು ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ ಇಳಿಸಿ, ನಡುವೆ ತಣಿಯಲು ಬಿಟ್ಟೆ. ಸದ್ದು ಪೂರ್ತಿ ಹೋಯಿತು.

ಬಲಗಡೆ ಕೂಗುತ್ತಿರಲಿಲ್ಲ. ಆದರೂ ಬಿಚ್ಚಿದೆ, ಅಲ್ಲಿನ ಪಿನ್‌ಗಳೂ ಒಣಗಿದ್ದವು, ಗ್ರೀಸ್ ಹಾಕಿದೆ. ಎಡಗಡೆ ಒಳಗಿನ ಪ್ಯಾಡ್ ಇನ್ನು ಹೆಚ್ಚು ದಿನ ಬಾಳುವುದಿಲ್ಲ. 3 ಮಿಲಿಮೀಟರಿಗೆ ಬಂದ ಕೂಡಲೇ ಎರಡೂ ಕಡೆ ಒಟ್ಟಿಗೇ ಹೊಸ ಪ್ಯಾಡ್ ಹಾಕುತ್ತೇನೆ. ಈಗ ಅದು ಜಾರುವ ಜಾಗ ಸರಿಯಾಗಿದೆ.