ಹಿಡಿಕೆ ಬಿಗಿಯಾದಾಗ: ತೋಟಾ ತುಂಬುವ ಪ್ರೊಗ್ರೆಸಿವ್ ಪ್ರೆಸ್‌ನ ದೋಷ ಹುಡುಕುವುದು ಹೇಗೆ?

ತೋಟಾ ಹಾರಿಸಿದಾಗ ಮದ್ದು ಉರಿದುಹೋಗುತ್ತದೆ, ಗುಂಡು ಹೊರಟುಹೋಗುತ್ತದೆ, ಹಿತ್ತಾಳೆಯ ಕೇಸ್ ಉಳಿಯುತ್ತದೆ. ಅದರ ತಳದ ಸುಟ್ಟ ಪ್ರೈಮರ್ (ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ತೆಗೆದು, ಹಿಗ್ಗಿದ ಕೇಸನ್ನು ಮೊದಲಿನ ಅಳತೆಗೆ ಒತ್ತಿ, ಹೊಸ ಪ್ರೈಮರ್ ಕೂರಿಸಿ, ಮದ್ದು ಸುರಿದು, ಬಾಯಿಗೆ ಗುಂಡು ಒತ್ತಿದರೆ ತೋಟಾ ಮತ್ತೆ ಸಿದ್ಧ. ಕಾನೂನು ಒಪ್ಪುವ ಕಡೆ ಗುರಿ ಅಭ್ಯಾಸಿಗಳು ಇದನ್ನು ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಪರವಾನಗಿ ಬೇಕೆನ್ನುವ ಕಡೆ ಅದಿಲ್ಲದೆ ಕೈ ಹಾಕುವ ಮಾತೇ ಇಲ್ಲ.

ಸಾದಾ ಪ್ರೆಸ್‌ನಲ್ಲಿ ಈ ಕೆಲಸಗಳು ಒಂದಾದ ಮೇಲೊಂದು ನಡೆಯುತ್ತವೆ. ಪ್ರೊಗ್ರೆಸಿವ್ ಪ್ರೆಸ್‌ನಲ್ಲಿ ಎಲ್ಲವೂ ಒಟ್ಟಿಗೆ. ದುಂಡನೆಯ ಶೆಲ್‌ಪ್ಲೇಟ್ ಮೇಲೆ ನಾಲ್ಕೋ ಐದೋ ಕೇಸ್‌ಗಳು ನಿಂತಿರುತ್ತವೆ. ಹಿಡಿಕೆ ಎಳೆದರೆ ಪ್ಲೇಟನ್ನು ಹೊತ್ತ ಕಂಬವಾದ ರ‍್ಯಾಮ್ ಮೇಲೇರಿ ಪ್ರತಿ ಕೇಸೂ ತನ್ನ ತಲೆಯ ಮೇಲಿನ ಡೈ (ಆಯಾ ಕೆಲಸ ಮಾಡುವ ಅಚ್ಚು) ಒಳಗೆ ಹೋಗುತ್ತದೆ. ಹೆಚ್ಚಿನ ಪ್ರೆಸ್‌ಗಳಲ್ಲಿ ಹಿಡಿಕೆ ವಾಪಸು ತಳ್ಳಿದಾಗ ಪ್ರೈಮರ್ ಕೂರುತ್ತದೆ. ಆಮೇಲೆ ಪ್ಲೇಟ್ ಒಂದು ಮನೆ ಮುಂದಕ್ಕೆ ಹೋಗುತ್ತದೆ. ಕೆಲವು ಪ್ರೆಸ್‌ಗಳಲ್ಲಿ ತಾನಾಗಿಯೇ, ಕೆಲವದರಲ್ಲಿ ಕೈಯಿಂದ ತಿರುಗಿಸಬೇಕು. ಪ್ಲೇಟ್ ತುಂಬಿದ ಮೇಲೆ ಪ್ರತಿ ಎಳೆತಕ್ಕೂ ಒಂದು ಪೂರ್ತಿ ತೋಟಾ ಡಬ್ಬಿಗೆ ಬೀಳುತ್ತದೆ.

ತೊಡಕು ಇರುವುದೂ ಇಲ್ಲೇ. ಐದು ಕೆಲಸಕ್ಕೆ ಐದು ಜಾಗ (ಸ್ಟೇಷನ್), ಹಿಡಿಕೆ ಒಂದೇ. ಅದು ಬಿಗಿಯಾದರೆ ಯಾವ ಸ್ಟೇಷನ್‌ನಲ್ಲಿ ಏನಾಯಿತೆಂದು ಕೈಗೆ ತಿಳಿಯುವುದಿಲ್ಲ. ದೋಷ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣಿಸಿಕೊಳ್ಳುವುದೂ ಉಂಟು. ಪ್ರೆಸ್ ನಿಂತರೆ ಹೋಗುವುದು ಸಮಯ ಮಾತ್ರ. ಹೆಚ್ಚಿನ ಅನಾಹುತಗಳ ಬೀಜ ಬೀಳುವುದು ನಿಂತ ಪ್ರೆಸ್ಸನ್ನು ಅವಸರದಲ್ಲಿ ಮತ್ತೆ ಓಡಿಸುವ ಆ ಒಂದೆರಡು ಎಳೆತಗಳಲ್ಲಿ.

ಮೊದಲು ಪ್ಲೇಟ್ ಖಾಲಿ ಮಾಡಿ

ಹಿಡಿಕೆ ಎಂದಿಗಿಂತ ಸ್ವಲ್ಪ ಗಟ್ಟಿ ಅನಿಸಿದರೂ ಕೈ ನಿಲ್ಲಿಸಿ. ಬಲ ಹಾಕಬೇಡಿ. ಒಳಗೆ ಅಡ್ಡ ಬಿದ್ದದ್ದು ಜೀವಂತ ಪ್ರೈಮರ್ ಆಗಿದ್ದರೆ ನೀವು ಹಾಕುವ ಬಲವೆಲ್ಲ ಅದರ ಮೇಲೆಯೇ ಬೀಳುತ್ತದೆ. ಒತ್ತಡಕ್ಕೆ ಸಿಡಿಯುವುದೇ ಪ್ರೈಮರ್‌ನ ಕೆಲಸ. ಒಂದು ಸಿಡಿದರೆ ಕೊಳವೆಯಲ್ಲಿ ಸಾಲಾಗಿ ನಿಂತ ಉಳಿದವೂ ಸಿಡಿಯಬಹುದು. ಕಣ್ಣಿಗೆ ರಕ್ಷಣಾ ಕನ್ನಡಕ ಇಲ್ಲದೆ ಈ ಯಂತ್ರದ ಮುಂದೆ ಕೂರಲೇಬಾರದು.

ಹಿಡಿಕೆ ಯಾವ ಕಡೆ ಸಲೀಸಾಗಿ ಹೋಗುತ್ತದೋ ಆ ಕಡೆಗೇ ನಿಧಾನವಾಗಿ ತಂದು ರ‍್ಯಾಮ್ ಕೆಳಗಿಳಿಸಿ. ಬಳಿಕ ಪ್ಲೇಟ್ ಮೇಲಿನ ಎಲ್ಲ ಕೇಸ್‌ಗಳನ್ನೂ ತೆಗೆಯಿರಿ. ತೊಂದರೆ ಕಂಡ ಒಂದನ್ನಷ್ಟೇ ತೆಗೆದು ಮುಂದುವರಿಯುವ ಆಸೆ ಬಹಳ ಜನರಿಗಿರುತ್ತದೆ, ಅದನ್ನು ಬಿಡಬೇಕು. ಮದ್ದಿನ ಸ್ಟೇಷನ್‌ನಲ್ಲಿರುವ ಕೇಸ್ ಅರ್ಧಕ್ಕೆ ನಿಂತು ಮತ್ತೆ ಮೇಲೇರಿದರೆ ಅದಕ್ಕೆ ಎರಡನೇ ಸಲ ಮದ್ದು ಬೀಳಬಹುದು. ಪ್ಲೇಟನ್ನು ಕೈಯಿಂದ ಒಂದು ಮನೆ ಹೆಚ್ಚು ತಿರುಗಿಸಿಬಿಟ್ಟರೆ ಮದ್ದೇ ಬೀಳದ ಕೇಸ್ ಮುಂದೆ ಹೋಗಿ ಗುಂಡು ಹೊತ್ತು ಬರುತ್ತದೆ. ಎರಡೂ ಹೊರಗಿನಿಂದ ನೋಡಿದರೆ ಒಳ್ಳೆಯ ತೋಟಾದಂತೆಯೇ ಇರುತ್ತವೆ. ಇಮ್ಮಡಿ ಮದ್ದಿನದು ಕೋವಿಯನ್ನೇ ಒಡೆಯಬಲ್ಲದು. ಮದ್ದಿಲ್ಲದ್ದು ಪ್ರೈಮರ್‌ನ ಬಲದಿಂದಷ್ಟೇ ಗುಂಡನ್ನು ನಳಿಕೆಯೊಳಗೆ ತಳ್ಳಿ ಅಲ್ಲೇ ಸಿಕ್ಕಿಸುತ್ತದೆ. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ.

ತೆಗೆದ ಕೇಸ್‌ಗಳ ಮದ್ದನ್ನು ಅದರ ಸಂಗ್ರಹ ಡಬ್ಬಿಯಾದ ಹಾಪರ್‌ಗೆ ವಾಪಸು ಸುರಿಯಬಹುದು, ಮೇಜಿನ ಮೇಲೆ ಆ ಒಂದೇ ಬಗೆಯ ಮದ್ದು ಇದ್ದರೆ ಮಾತ್ರ. ಎರಡು ಡಬ್ಬಿ ತೆರೆದಿಟ್ಟುಕೊಂಡು ಕೆಲಸ ಮಾಡುವ ಅಭ್ಯಾಸ ಯಾವ ಕಾರಣಕ್ಕೂ ಬೇಡ.

ಖಾಲಿ ಎಳೆತ, ಆಮೇಲೆ ಒಂದೇ ಕೇಸ್

ಪ್ರೈಮರ್ ಕೊಳವೆಯನ್ನು ಪ್ರೆಸ್‌ನಿಂದ ಬೇರೆ ಮಾಡಿ ದೂರ ಇಡಿ. ಮದ್ದಿನ ಹಾಪರ್ ಮುಚ್ಚಿ, ಸಾಧ್ಯವಿದ್ದರೆ ತೆಗೆದೇಬಿಡಿ. ಈಗ ಖಾಲಿ ಪ್ಲೇಟ್ ಮೇಲೆ ಹಿಡಿಕೆ ಎಳೆದು ನೋಡಿ. ಆಗಲೂ ಬಿಗಿಯಾಗಿದ್ದರೆ ತಪ್ಪು ಯಂತ್ರದ್ದೇ: ಪ್ಲೇಟ್ ಕೆಳಗೆ ಮದ್ದಿನ ಕಾಳು ಅಥವಾ ಸುಟ್ಟ ಪ್ರೈಮರ್ ಸಿಕ್ಕಿರಬಹುದು, ನಡುವಿನ ಬೋಲ್ಟ್ ಅತಿಯಾಗಿ ಬಿಗಿದಿರಬಹುದು, ಪ್ಲೇಟ್ ತಿರುಗಿಸುವ ಕೊಂಡಿ ತನ್ನ ಜಾಗ ತಪ್ಪಿರಬಹುದು.

ಖಾಲಿ ಎಳೆತ ಹಗುರವಾಗಿದ್ದರೆ ಒಂದೇ ಒಂದು ಕೇಸ್ ಹಾಕಿ ಅದನ್ನು ಮೊದಲ ಸ್ಟೇಷನ್‌ನಿಂದ ಕೊನೆಯದರವರೆಗೆ ಒಂದೊಂದಾಗಿ ಕರೆದೊಯ್ಯಿರಿ. ಪ್ಲೇಟ್ ಮೇಲೆ ಒಂದೇ ಕೇಸ್ ಇರುವುದರಿಂದ ಹಿಡಿಕೆಯಲ್ಲಿ ಸಿಗುವ ಪ್ರತಿ ಬಿಗಿಯೂ ಆ ಸ್ಟೇಷನ್ನಿನದೇ. ಹತ್ತು ನಿಮಿಷದ ಈ ಕೆಲಸವನ್ನು ತಪ್ಪಿಸಿ ಊಹೆಯ ಮೇಲೆ ಡೈ ತಿರುಗಿಸಲು ಹೊರಟರೆ ಸರಿಯಾಗಿದ್ದದ್ದೂ ಕೆಡುತ್ತದೆ. ಒಂದು ಸಲಕ್ಕೆ ಒಂದೇ ತಿರುಪು ಮುಟ್ಟಿ. ಮುಟ್ಟುವ ಮೊದಲು ಅದು ಎಲ್ಲಿತ್ತೆಂದು ಪೆನ್ನಿನಿಂದ ಗೆರೆ ಎಳೆದುಕೊಳ್ಳಿ.

ಮೊದಲ ಸ್ಟೇಷನ್

ಕೇಸ್ ಮೇಲೇರುವಾಗ ಬಿಗಿ ಸಿಕ್ಕರೆ ಒಳಗೆ ಹಾಯಬಾರದ ಕೇಸ್ ಹಾಯ್ದಿರುವ ಸಂಭವ ಹೆಚ್ಚು. 9 ಎಂಎಂ ಕೇಸ್ .40ರ ಒಳಗೆ, ಅದು .45ರ ಒಳಗೆ (ಇವು ಗುಂಡಿನ ಅಗಲದ ಮೇಲೆ ಬಂದ ಹೆಸರುಗಳು) ಕೂತು ಒಂದೇ ಎನ್ನುವ ಹಾಗೆ ಬರುತ್ತವೆ. ಕಲ್ಲು, ಮಣ್ಣು ಕೂಡ ಒಳಗಿರುತ್ತವೆ. ಪ್ರೈಮರ್ ನೂಕುವ ಸೂಜಿ ಬಾಗಿದರೆ ಅಥವಾ ಮುರಿದರೆ ಆ ಕೇಸ್‌ನ ಒಳಗೆ ಬೆಳಕು ಬಿಟ್ಟು ನೋಡಿ. ನಡುವೆ ಒಂದು ರಂಧ್ರದ ಬದಲು ಪಕ್ಕದಲ್ಲಿ ಎರಡು ಸಣ್ಣ ರಂಧ್ರಗಳಿದ್ದರೆ ಅದು ಬರ್ಡನ್ ಮಾದರಿಯ ಕೇಸ್, ಈ ಡೈಗಳಿಗೆ ಆಗಿಬರುವುದಿಲ್ಲ. ರೈಫಲ್‌ನ ಕುತ್ತಿಗೆ ಕಿರಿದಾದ ಕೇಸ್‌ಗಳಿಗೆ ಲೂಬ್ರಿಕೆಂಟ್ ಸವರಲೇಬೇಕು. ಪಿಸ್ತೂಲಿನ ನೇರ ಕೇಸ್‌ಗಳಿಗೆ ಕಾರ್ಬೈಡ್ ಡೈ ಇದ್ದರೆ ಅದು ಬೇಕಿಲ್ಲ, ಆದರೂ ತುಸು ಸವರಿದರೆ ಹಿಡಿಕೆ ಎಷ್ಟು ಹಗುರಾಗುತ್ತದೆ ಎಂಬುದು ಮೊದಲ ಎಳೆತಕ್ಕೇ ಗೊತ್ತಾಗುತ್ತದೆ.

ಪ್ರೈಮರ್: ಅರ್ಧ ತಂಟೆ ಇಲ್ಲೇ

ಪ್ರೈಮರ್ ಕೂರುವ ಗುಳಿಯ ಅಂಚನ್ನು ಸೈನಿಕ ತೋಟಾಗಳಲ್ಲಿ ಒಳಕ್ಕೆ ಮಡಿಸಿರುತ್ತಾರೆ, ಪ್ರೈಮರ್ ಕಳಚಿ ಬರದಿರಲಿ ಎಂದು. 5.56 ಮತ್ತು 7.62 ನ್ಯಾಟೊ ಕೇಸ್‌ಗಳಲ್ಲಿ ಇದು ಸಾಮಾನ್ಯ. ಹಳೆಯ ಪ್ರೈಮರ್ ಹೇಗೋ ಹೊರಬರುತ್ತದೆ, ಹೊಸದು ಮಡಿಕೆಗೆ ತಾಗಿ ನಜ್ಜುಗುಜ್ಜಾಗುತ್ತದೆ. ಆ ಮಡಿಕೆಯನ್ನು ಒತ್ತಿಯೋ ಕೊರೆದೋ ತೆಗೆಯದೆ ಅಂಥ ಕೇಸನ್ನು ಪ್ರೆಸ್‌ಗೆ ಹಾಕಬಾರದು.

.45 ಎಸಿಪಿ ಕೇಸ್‌ಗಳಲ್ಲಿ ಇನ್ನೊಂದು ಬಗೆಯ ಮೋಸವಿದೆ. ಹೊರಗೆ ಒಂದೇ ಅಳತೆ, ತಳದಲ್ಲಿ ಎರಡು: ಸಣ್ಣ ಪ್ರೈಮರ್‌ನದು ಸುಮಾರು 0.175 ಇಂಚು, ದೊಡ್ಡದರದು 0.210 ಇಂಚು. ಬೇರ್ಪಡಿಸದೆ ಬೆರಕೆಯಾಗಿ ಹಾಕಿದರೆ ದೊಡ್ಡ ಪ್ರೈಮರ್ ಸಣ್ಣ ಗುಳಿಗೆ ತಾಗಿ ನಿಲ್ಲುತ್ತದೆ. ಹಿಡಿಕೆಗೆ ಬಲ ಹಾಕಬಾರದು ಎಂದು ಮೇಲೆ ಹೇಳಿದ್ದು ಇಂಥ ಹೊತ್ತಿಗಾಗಿಯೇ.

ಸರಿಯಾಗಿ ಕೂತ ಪ್ರೈಮರ್ ಕೇಸ್‌ನ ತಳಕ್ಕಿಂತ ಕೂದಲೆಳೆಯಷ್ಟು, ಅಂದರೆ 0.003ರಿಂದ 0.005 ಇಂಚು ಒಳಗಿರಬೇಕು. ಬೆರಳ ತುದಿ ಆಡಿಸಿದರೆ ಸಾಕು, ಉಬ್ಬಿದ್ದರೆ ತಿಳಿಯುತ್ತದೆ. ಉಬ್ಬಿದ ಪ್ರೈಮರ್ ಎರಡು ರೀತಿ ಕಾಡುತ್ತದೆ. ಕೋವಿಯ ಸೂಜಿಯ ಮೊದಲ ಹೊಡೆತ ಅದನ್ನು ಒಳಗೆ ಕೂರಿಸುವುದರಲ್ಲೇ ಮುಗಿದು ತೋಟಾ ಹಾರದೆ ಹೋಗಬಹುದು. ಇಲ್ಲವೇ ಕೋವಿಯ ಬೋಲ್ಟ್ ಮುಚ್ಚುವಾಗಲೇ ಹಾರಿಬಿಡಬಹುದು. ಒಂದೊಂದು ಕೇಸ್‌ನಲ್ಲಷ್ಟೇ ಹೀಗಾದರೆ ಆ ಕೇಸ್‌ನ ಗುಳಿ ನೋಡಿ. ಎಲ್ಲದರಲ್ಲೂ ಆದರೆ ಮೊದಲು ಶೆಲ್‌ಪ್ಲೇಟ್‌ನ ನಡುಬೋಲ್ಟ್ ಮುಟ್ಟಿ ನೋಡಿ. ಅದು ಸಡಿಲವಾದರೆ ಪ್ಲೇಟ್ ಒಂದು ಕಡೆಗೆ ಎದ್ದು, ಎಷ್ಟು ತಳ್ಳಿದರೂ ಪ್ರೈಮರ್ ಪೂರ್ತಿ ಒಳಹೋಗದು. ಪ್ಲೇಟ್ ಅಲುಗಾಡದೆ ಸಲೀಸಾಗಿ ತಿರುಗುವಷ್ಟು ಬಿಗಿಸಿ, ಅದನ್ನು ಹಿಡಿದಿಡುವ ಸಣ್ಣ ತಿರುಪನ್ನೂ ಬಿಗಿಸಿ. ಪ್ರೈಮರ್ ಕೂರಿಸುವ ಕಡ್ಡಿಯ ಸುತ್ತ ಸೇರಿದ ಮದ್ದಿನ ಕಾಳುಗಳನ್ನು ಬ್ರಷ್‌ನಿಂದ ಗುಡಿಸಿ.

ಪ್ರೈಮರ್ ಮಗುಚಿ ಅಥವಾ ಅಡ್ಡಲಾಗಿ ಕೂತರೆ ಕೊಳವೆಯ ತುದಿಯ ಪ್ಲಾಸ್ಟಿಕ್ ಬೆರಳುಗಳು ಸವೆದಿವೆಯೇ, ಪ್ರೈಮರ್ ಒಯ್ಯುವ ತಟ್ಟೆಯಲ್ಲಿ ಕಸ ಇದೆಯೇ ಎಂದು ನೋಡಿ. ಪ್ರೈಮರ್ ಬಾರದೇ ಹೋದರೆ ಗುಳಿಯ ರಂಧ್ರದಿಂದ ಮದ್ದು ಸೋರಿ ಪ್ಲೇಟ್ ಮೇಲೆ ಹರಡುತ್ತದೆ. ಆ ಸೋರಿಕೆಯೇ ಮುಂದಿನ ಉಬ್ಬಿದ ಪ್ರೈಮರ್‌ಗಳಿಗೂ ತಿರುಗದ ಪ್ಲೇಟ್‌ಗೂ ಕಾರಣ. ಮದ್ದಿನ ಸ್ಟೇಷನ್ ಬಿಚ್ಚಿ ಗಂಟೆಗಟ್ಟಲೆ ಹುಡುಕುವವರು ಇದನ್ನು ಗಮನಿಸುವುದಿಲ್ಲ. ಸಿಕ್ಕಿಕೊಂಡ ಪ್ರೈಮರ್‌ಗೆ ಲೋಹದ ಕಡ್ಡಿಯಿಂದ ಚುಚ್ಚುವುದು, ಬಡಿಯುವುದು ಯಾವತ್ತೂ ಕೂಡದು. ಭಾಗವನ್ನು ಬಿಚ್ಚಿ ತೆಗೆಯಬೇಕು.

ಮದ್ದಿನ ಅಳತೆ

ಎಷ್ಟು ಮದ್ದು ಎಂಬುದನ್ನು ಮದ್ದು ತಯಾರಿಸಿದವರ ಪ್ರಕಟಿತ ಪಟ್ಟಿಯಿಂದಲೇ ತೆಗೆದುಕೊಳ್ಳಬೇಕು. ಪ್ರೆಸ್ ಆ ಅಳತೆಯನ್ನೇ ಹಾಕುತ್ತಿದೆಯೇ ಎಂಬುದನ್ನು ತಕ್ಕಡಿ ಹೇಳಬೇಕು. ಒಂದು ಗ್ರಾಮ್ ಎಂದರೆ 15.43 ಗ್ರೇನ್, ಇಲ್ಲಿ ಲೆಕ್ಕವೆಲ್ಲ ಗ್ರೇನ್‌ನ ಹತ್ತನೇ ಭಾಗಗಳಲ್ಲಿ.

ಹಾಪರ್ ತುಂಬಿದ ಕೂಡಲೇ ಬರುವ ಅಳತೆ ನಂಬಲು ತಕ್ಕದ್ದಲ್ಲ, ಕಾಳುಗಳು ಇನ್ನೂ ಕೆಳಕ್ಕೆ ಕೂತಿರುವುದಿಲ್ಲ. ಮೊದಲ ಹತ್ತು ಸಲ ಬಿದ್ದದ್ದನ್ನು ವಾಪಸು ಸುರಿದು, ಮುಂದಿನ ಹತ್ತನ್ನು ಬೇರೆ ಬೇರೆಯಾಗಿ ತೂಗಿ. ಸರಾಸರಿ ಮಾತ್ರ ನೋಡಿದರೆ ಒಂದು ಹೆಚ್ಚು ಒಂದು ಕಡಿಮೆ ಬಿದ್ದದ್ದು ಮುಚ್ಚಿಹೋಗುತ್ತದೆ. ಉದ್ದ ಕಡ್ಡಿಯಂಥ ಕಾಳುಗಳ ಮದ್ದು, ಕೇಸಿಗೆ ಇಳಿಯುವ ಕೊಳವೆಯ ಬಾಯಲ್ಲಿ ಒಂದಕ್ಕೊಂದು ಅಡ್ಡ ಸಿಕ್ಕಿ ಸೇತುವೆ ಕಟ್ಟುತ್ತದೆ. ಆಗ ಒಂದು ಕೇಸ್‌ಗೆ ಕಡಿಮೆ ಬಿದ್ದು, ಮುಂದಿನದಕ್ಕೆ ಉಳಿದದ್ದೂ ಸೇರಿ ಬೀಳುತ್ತದೆ. ಹಿಡಿಕೆಯನ್ನು ಪ್ರತಿ ಸಲವೂ ಒಂದೇ ವೇಗದಲ್ಲಿ, ಪೂರ್ತಿ ಕೊನೆಯವರೆಗೆ ಎಳೆಯುವವರಿಗೆ ಅಳತೆ ಒಂದೇ ಆಗಿ ಬರುತ್ತದೆ. ಅರ್ಧ ಎಳೆತ ಅಭ್ಯಾಸವಾದವರಿಗೆ ಯಾವ ತಿರುಪೂ ಸಹಾಯ ಮಾಡದು.

ಅಳತೆ ಸರಿ ಬಂದೂ ಪ್ಲೇಟ್ ಮೇಲೆ ಮದ್ದು ಚೆಲ್ಲುತ್ತಿದ್ದರೆ, ಪ್ಲೇಟ್ ಮನೆ ಬದಲಿಸುವಾಗ ಕುಕ್ಕುತ್ತಿದೆ ಎಂದರ್ಥ. 9 ಎಂಎಂನಂಥ ಗಿಡ್ಡ ಕೇಸ್‌ಗಳಲ್ಲಿ ಇದು ಹೆಚ್ಚು. ಹಿಡಿಕೆಯ ಕೊನೆಯ ಭಾಗದಲ್ಲಿ ಕೈ ನಿಧಾನಿಸಿ ನೋಡಿ.

ನನ್ನ ಖಚಿತ ಅಭಿಪ್ರಾಯ ಇಷ್ಟು: ಐದು ಸ್ಟೇಷನ್ ಇದ್ದರೆ ಒಂದನ್ನು ಮದ್ದಿನ ಮಟ್ಟ ಪರೀಕ್ಷಿಸುವ ಡೈಗೆ ಬಿಟ್ಟುಕೊಡಿ. ಅದು ಇರಲಿ ಇಲ್ಲದಿರಲಿ, ಗುಂಡು ಇಡುವ ಮೊದಲು ಪ್ರತಿ ಕೇಸ್‌ನೊಳಗೆ ಕಣ್ಣು ಹಾಯಲೇಬೇಕು. ಪ್ರೆಸ್‌ಗೆ ಸಣ್ಣ ದೀಪ ಕಟ್ಟಿದರೆ ಕತ್ತು ಬಗ್ಗಿಸದೆ ಕಾಣುತ್ತದೆ. ಪ್ರಕಟಿತ ಪಟ್ಟಿಯಲ್ಲಿ ಎರಡು ಮೂರು ಮದ್ದುಗಳ ಆಯ್ಕೆ ಇದ್ದರೆ, ಇಮ್ಮಡಿ ಬಿದ್ದಾಗ ಕೇಸ್ ತುಂಬಿ ಹೊರಚೆಲ್ಲುವಷ್ಟು ಜಾಗ ಹಿಡಿಯುವುದನ್ನು ಆರಿಸಿ.

ಗುಂಡು ಮತ್ತು ಬಾಯಿ

ತೋಟಾದ ಒಟ್ಟು ಉದ್ದ ಏರುಪೇರಾಗುತ್ತಿದ್ದರೆ ಗುಂಡು ಒತ್ತುವ ಕಡ್ಡಿಯ ಬಾಯಿ ಬಿಚ್ಚಿ ನೋಡಿ, ಸೀಸ ಮತ್ತು ಮೇಣ ಮೆತ್ತಿರುತ್ತದೆ. ಡೈ ಹೊಂದಿಸುವಾಗ ಪ್ಲೇಟ್ ತುಂಬ ಕೇಸ್‌ಗಳಿರಬೇಕು. ಒಂದೇ ಕೇಸ್ ಇಟ್ಟು ಹೊಂದಿಸಿದರೆ ಪ್ಲೇಟ್ ತುಂಬಿದಾಗ ಬೀಳುವ ಹೊರೆಗೆ ಉದ್ದ ಬದಲಾಗುತ್ತದೆ. 9 ಎಂಎಂ ಲೂಗರ್‌ಗೆ ಗರಿಷ್ಠ ಒಟ್ಟು ಉದ್ದ 1.169 ಇಂಚು, ಅಂದರೆ 29.69 ಮಿ.ಮೀ. ನೀವು ಹಿಡಿಯಬೇಕಾದದ್ದು ನಿಮ್ಮ ಗುಂಡಿಗೆ ಪಟ್ಟಿ ಹೇಳುವ ಉದ್ದವನ್ನು.

ಗುಂಡಿನ ಬದಿಯಿಂದ ಸೀಸ ಹೆರೆದು ಬಂದರೆ ಕೇಸ್‌ನ ಬಾಯಿ ಸಾಕಷ್ಟು ಅರಳಿಲ್ಲ. ಕೇಸ್ ಸೊಟ್ಟಗೆ ಉಬ್ಬಿದರೆ ಗುಂಡು ಇನ್ನೂ ಇಳಿಯುತ್ತಿರುವಾಗಲೇ ಬಾಯಿ ಬಿಗಿಯುತ್ತಿದೆ, ಎರಡೂ ಕೆಲಸವನ್ನು ಬೇರೆ ಬೇರೆ ಡೈಗೆ ಒಪ್ಪಿಸಿ. ಬಾಯಿ ಹೆಚ್ಚು ಬಿಗಿದರೆ ಗುಂಡು ಗಟ್ಟಿ ನಿಲ್ಲುತ್ತದೆ ಎಂಬ ನಂಬಿಕೆ ತಪ್ಪು. ಪಿಸ್ತೂಲಿನ, ತಳದ ಅಂಚು ಹೊರಚಾಚದ ನೇರ ಕೇಸ್ ಕೋವಿಯ ಕೋಣೆಯಲ್ಲಿ ನಿಲ್ಲುವುದೇ ತನ್ನ ಬಾಯಿಯ ಅಂಚಿನ ಮೇಲೆ, ಅತಿಯಾಗಿ ಬಿಗಿದರೆ ಆ ಆಸರೆ ತಪ್ಪುತ್ತದೆ. ತುಂಬಿದ ತೋಟಾವನ್ನು ಮೇಜಿನ ಅಂಚಿಗೆ ಹೆಬ್ಬೆರಳ ಬಲದಿಂದ ಒತ್ತಿ, ಮತ್ತೆ ಉದ್ದ ಅಳೆಯಿರಿ. ಗುಂಡು ಒಳಕ್ಕೆ ಸರಿದಿದ್ದರೆ ಹಿಡಿತ ಸಾಲದು, ಅಂಥದ್ದನ್ನು ಹಾರಿಸುವಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಮತ್ತೆ ಶುರು ಮಾಡುವಾಗ

ರಿಪೇರಿಯ ನಂತರದ ಮೊದಲ ಹತ್ತು ತೋಟಾಗಳನ್ನು ಬೇರೆ ಪೆಟ್ಟಿಗೆಗೆ ಹಾಕಿ. ಮದ್ದು ತೂಗಿ, ಉದ್ದ ಅಳೆದು, ಪ್ರೈಮರ್ ಮೇಲೆ ಬೆರಳಾಡಿಸಿ, ತೋಟಾದ ಅಳತೆ ಪರೀಕ್ಷಿಸುವ ಕೇಸ್ ಗೇಜ್‌ನಲ್ಲಿ ಇಳಿಸಿ ನೋಡಿ. ಕೆಲಸ ಮುಗಿದ ಮೇಲೆ ಹಾಪರ್‌ನ ಮದ್ದು ಅದರ ಮೂಲ ಡಬ್ಬಿಗೇ ಹೋಗಲಿ. ಸುಟ್ಟ ಪ್ರೈಮರ್‌ನ ಪುಡಿಯಲ್ಲಿ ಸೀಸ ಇರುತ್ತದೆ, ಊಟಕ್ಕೆ ಕೂರುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಪ್ರೆಸ್ ನಿಂತ ಹೊತ್ತಿನಲ್ಲಿ ತಪ್ಪು ತೋಟಾ ಒಂದು ಡಬ್ಬಿಗೆ ಬಿದ್ದಿರಬಹುದೆಂಬ ಅನುಮಾನ ಬಂದರೆ, ತುಂಬಿದ ತೋಟಾಗಳನ್ನು ತೂಗಿ ಅದನ್ನು ಹುಡುಕುವ ಉಪಾಯ ಪಿಸ್ತೂಲಿನ ತೋಟಾಗಳಿಗೆ ಕೆಲಸ ಮಾಡುವುದಿಲ್ಲ. ಕೇಸ್ ಕೇಸಿಗೆ, ಗುಂಡು ಗುಂಡಿಗೆ ಇರುವ ತೂಕದ ವ್ಯತ್ಯಾಸವೇ ಒಂದು ಸಲದ ಮದ್ದಿನಷ್ಟಾಗಬಹುದು. ಹಾರಿಸಿ ನೋಡುವುದಂತೂ ಬೇಡವೇ ಬೇಡ. ಡಬ್ಬಿಯ ಅಷ್ಟೂ ತೋಟಾಗಳನ್ನು ಗುಂಡು ಹೊರಗೆಳೆಯುವ ಸಾಧನವಾದ ಬುಲೆಟ್ ಪುಲ್ಲರ್‌ನಿಂದ ಬಿಚ್ಚಿ. ಗುಂಡು, ಮದ್ದು, ಪ್ರೈಮರ್ ಕೂತ ಕೇಸ್ ಮೂರೂ ಮತ್ತೆ ಬಳಕೆಗೆ ಬರುತ್ತವೆ.