ನಿಯಮಗಳ ಖಾತೆ ಇಟ್ಟು ಸೋರ್ಡ್ ಆರ್ಟ್ ಆನ್‌ಲೈನ್ ವಿಮರ್ಶಿಸಿದ ಬಗೆ: ನನ್ನ ಅನುಭವ

ಸೋರ್ಡ್ ಆರ್ಟ್ ಆನ್‌ಲೈನ್ ಕುರಿತು ಕನ್ನಡದಲ್ಲಿ ಪೂರ್ಣಪ್ರಮಾಣದ ವಿಮರ್ಶೆಯೊಂದನ್ನು ಬರೆಯುವ ನನ್ನ ಕೆಲಸ ಹೆಚ್ಚುಕಡಿಮೆ ಎರಡು ವರ್ಷ ಎಳೆದು, ಕೊನೆಗೆ ಒಂದು ಸಣ್ಣ ಮಾಸಪತ್ರಿಕೆಯಲ್ಲಿ ಏಳೆಂಟು ಪುಟಗಳ ಲೇಖನವಾಗಿ ಅಚ್ಚಾಯಿತು. ವಿಆರ್ (ಕಲ್ಪಿತ ವಾಸ್ತವ) ಆಟವೊಂದರಲ್ಲಿ ಸಿಕ್ಕಿಬಿದ್ದ ಆಟಗಾರರು ನೂರು ಮಹಡಿಗಳ ಕೋಟೆಯನ್ನು ಗೆದ್ದರೆ ಮಾತ್ರ ಹೊರಬರಬಹುದು, ಆಟದಲ್ಲಿ ಸತ್ತರೆ ನಿಜವಾಗಿಯೂ ಸಾಯುತ್ತಾರೆ ಎಂಬುದು ಈ ಜಪಾನಿ ಅನಿಮೆಯ ಕಥೆ. ಆಟದ ನಿಯಮಗಳನ್ನು ಒಂದೊಂದಾಗಿ ಖಾತೆಗೆ ಹತ್ತಿಸಿಕೊಂಡು, ಕಥೆಯು ತಾನೇ ಹಾಕಿಕೊಂಡ ನಿಯಮಕ್ಕೆ ಎಲ್ಲಿ ಬದ್ಧವಾಗಿ ನಡೆಯಿತು, ಎಲ್ಲಿ ಬಾಕಿ ಉಳಿಸಿಕೊಂಡಿತು ಎಂದು ನೋಡುವುದು ನನ್ನ ವಿಧಾನ. ಇದನ್ನು ಮೊದಲು ಹೇಳಿದಾಗ ನಮ್ಮ ಅನಿಮೆ ಬಳಗದಲ್ಲಿ ಯಾರೂ ಒಪ್ಪಲಿಲ್ಲ. "ಇದು ಲೆಕ್ಕಪರಿಶೋಧನೆಯಾಯಿತೇ ಹೊರತು ವಿಮರ್ಶೆಯಾಗಲಿಲ್ಲ. ಸಾಚಿ ಸತ್ತಾಗ ಅತ್ತವರಿಗೆ ನಿಮ್ಮ ಕೋಷ್ಟಕ ಕಟ್ಟಿಕೊಂಡು ಏನಾಗಬೇಕು?" ಎಂದು ಒಬ್ಬರು ನೇರವಾಗಿಯೇ ಕೇಳಿದರು. ನನಗೆ ಉತ್ತರ ಸಿಕ್ಕಿದ್ದು ಅದೇ ಸಾಚಿ ಎಂಬ ಹುಡುಗಿ ಸಾಯುವ ಮೂರನೆಯ ಕಂತಿನಲ್ಲಿ.

ಅದಕ್ಕೂ ಮುಂಚೆ ಕೈಗೂಡದೆ ಹೋದ ದಾರಿಗಳನ್ನು ಹೇಳಿಬಿಡುತ್ತೇನೆ. ಕಂತಿಗೊಂದು ಟಿಪ್ಪಣಿಯಂತೆ ಬರೆಯಲು ಹೊರಟರೆ ಏಳನೆಯ ಕಂತಿನ ಹೊತ್ತಿಗೆ ಅದು ಬರೀ ಕಥಾಸಾರವಾಗಿಬಿಡುತ್ತದೆ, ಏಕೆಂದರೆ 2012ರ ಈ ಸರಣಿಯ ಮೊದಲ ಭಾಗದಲ್ಲಿ ಎರಡು ಕಂತುಗಳ ನಡುವೆ ತಿಂಗಳುಗಟ್ಟಲೆ ಕಾಲ ಉರುಳಿರುತ್ತದೆ, ಮತ್ತು ಪ್ರತಿ ಟಿಪ್ಪಣಿಯೂ ಹೊಸ ಪಾತ್ರಗಳ ಪರಿಚಯದಲ್ಲೇ ಮುಗಿದುಹೋಗುತ್ತದೆ. ಪಾತ್ರಗಳನ್ನು ಹಿಡಿದು ಬರೆದರೆ ನಾಯಕ ಕಿರಿಟೊ ಅತಿಬಲಶಾಲಿ ಎಂಬ ಹಳೆಯ ದೂರಿನ ಸುತ್ತಲೇ ಸುತ್ತಬೇಕು. ಆಟದ ಲೋಕದ್ದೇ ಇನ್ನೊಂದು ಅನಿಮೆಯಾದ ಡಾಟ್ ಹ್ಯಾಕ್ ಸೈನ್ ಜೊತೆ ಹೋಲಿಸುವ ದಾರಿ ನನ್ನನ್ನು ಬಹಳ ದಿನ ಸೆಳೆಯಿತು. ಆ ಸರಣಿ ಪ್ರಸಾರವಾದ 2002ರಲ್ಲೇ ಸೋರ್ಡ್ ಆರ್ಟ್ ಆನ್‌ಲೈನ್ ಮೂಲ ಪುಸ್ತಕಗಳ ಲೇಖಕ ಕವಾಹರಾ ರೆಕಿ ತಮ್ಮ ಕಥೆಯನ್ನು ಅಂತರ್ಜಾಲದಲ್ಲಿ ಪ್ರಕಟಿಸಲು ತೊಡಗಿದ್ದು, ಮತ್ತು ಎರಡೂ ಸರಣಿಗಳಿಗೆ ಸಂಗೀತ ಕೊಟ್ಟವರು ಕಜಿಯುರಾ ಯೂಕಿ. ಹೋಲಿಕೆ ಸೊಗಸಾಗಿಯೇ ಬಂತು, ಆದರೆ ಅದು ಬೇರೊಂದು ಲೇಖನದ ಸರಕಾದ್ದರಿಂದ ತೆಗೆದಿಟ್ಟೆ. ದೃಶ್ಯಗಳ ತುಣುಕು ಸೇರಿಸಿ ವಿಡಿಯೊ ಮಾಡಿಸಲು ಸಂಕಲನಕಾರರೊಬ್ಬರಿಗೆ ಮೂರು ಸಾವಿರದಷ್ಟು ಕೊಟ್ಟಿದ್ದೆ. ಕೃತಿಸ್ವಾಮ್ಯದ ಕಾರಣಕ್ಕೆ ಅದು ಒಂದು ವಾರವೂ ನಿಲ್ಲಲಿಲ್ಲ, ಹಣ ಹೋಯಿತು. ಅಂದಿನಿಂದ ಬರವಣಿಗೆಯೊಂದನ್ನೇ ನೆಚ್ಚಿಕೊಂಡೆ.

ಖಾತೆಯಲ್ಲಿ ನಾನು ನಾಲ್ಕು ಕಾಲಂ ಹಾಕುತ್ತೇನೆ. ಮೊದಲನೆಯದು ಆಟದೊಳಗಿನ ದಿನಾಂಕ ಮತ್ತು ಮಹಡಿ, ಎರಡನೆಯದು ಆ ಕಂತಿನಲ್ಲಿ ಬಾಯಿಬಿಟ್ಟು ಹೇಳಿದ ನಿಯಮ, ಮೂರನೆಯದು ಆ ನಿಯಮ ಮತ್ತೆ ಬಳಕೆಗೆ ಬಂದ ಅಥವಾ ಮುರಿದುಬಿದ್ದ ಜಾಗ. ನಾಲ್ಕನೆಯ ಕಾಲಮಿನಲ್ಲಿ ಏನಿರುತ್ತದೆ ಎಂಬುದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಇನ್ನೂ ಮೂರು ಸರಣಿಗಳ ವಿಮರ್ಶೆ ನನ್ನ ಕೈಯಲ್ಲಿದೆ, ಅವು ಮುಗಿಯುವ ತನಕ ಅದು ನನ್ನಲ್ಲೇ ಇರಲಿ. ಮೊದಲ ಸಲ ನೋಡುವಾಗ ಪೆನ್ನು ಮುಟ್ಟುವುದಿಲ್ಲ, ಖಾತೆ ತೆರೆಯುವುದು ಎರಡನೆಯ ಸಲಕ್ಕೆ, ಅದೂ ಮೂಲ ಪುಸ್ತಕಗಳನ್ನು ಪಕ್ಕದಲ್ಲಿಟ್ಟುಕೊಂಡು.

ಪುಸ್ತಕಗಳು ಬೇಕೇಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಐನ್‌ಕ್ರಾಡ್ ಎಂಬ ಆ ಕೋಟೆಯಲ್ಲಿ ನಡೆಯುವ ಮೊದಲ ಭಾಗ ತುಂಡುತುಂಡಾಗಿದೆ, ಒಂದು ಕಂತಿಗೆ ಒಬ್ಬ ಹುಡುಗಿ ಬಂದು ಹೋಗುತ್ತಾಳೆ ಎಂಬ ದೂರು ಎಲ್ಲರಿಗೂ ಗೊತ್ತು, ಆದರೆ ಆ ತುಂಡುಗಳು ಎಲ್ಲಿಂದ ಬಂದವು ಎಂದು ನೋಡಿದವರು ಕಡಿಮೆ. 2009ರ ಮೊದಲ ಸಂಪುಟ ಆಟ ಆರಂಭವಾದ ದಿನದಿಂದ ಹೊರಟು, ನಡುವಿನ ಎರಡು ವರ್ಷವನ್ನು ಹಾರಿ, ನೇರವಾಗಿ 74ನೆಯ ಮಹಡಿಗೆ ಬರುತ್ತದೆ. ಸಾಚಿ, ಸಿಲಿಕಾ, ಲಿಜ್‌ಬೆತ್‌ರ ಕಥೆಗಳೆಲ್ಲ ಎರಡನೆಯ ಸಂಪುಟದ ಬಿಡಿಕಥೆಗಳು. ಐದು ಮತ್ತು ಆರನೆಯ ಕಂತಿನ ಕೊಲೆಯ ಪತ್ತೆದಾರಿ ಬಂದದ್ದು ಎಂಟನೆಯ ಸಂಪುಟದಿಂದ. ಎರಡನೆಯ ಕಂತಿನ ಮೊದಲ ಮಹಡಿಯ ಕಾಳಗವಂತೂ 2012ರಲ್ಲಿ ಹೊರಬಂದ ಪ್ರೊಗ್ರೆಸಿವ್ ಮಾಲೆಯ ಕಥೆ. ನಿರ್ದೇಶಕ ಇತೊ ತೊಮೊಹಿಕೊ ಮತ್ತು ಎ-1 ಪಿಕ್ಚರ್ಸ್ ಇವನ್ನೆಲ್ಲ ಆಟದ ಕಾಲಕ್ರಮಕ್ಕೆ ಜೋಡಿಸಿದರು. ಪುಸ್ತಕದಲ್ಲಿ ಕಿರಿಟೊ ಏಕೆ ಯಾರೊಂದಿಗೂ ಸೇರುವುದಿಲ್ಲ ಎಂಬುದು ಮೊದಲು ಒಗಟಾಗಿ ನಿಂತು, ಆಮೇಲೆ ಬಿಡಿಕಥೆಯಾಗಿ ಬಿಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಕಾರಣ ಮೊದಲೇ ಸಿಕ್ಕು, ಒಗಟು ಹುಟ್ಟುವುದೇ ಇಲ್ಲ. ಸರಣಿಯ ಓಟ ಎಡವುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ದಿನಾಂಕದ ಕಾಲಂ ತುಂಬುತ್ತಿದ್ದಾಗ ಇದು ತಾನಾಗಿಯೇ ಎದ್ದು ಕಂಡಿತು: 2022ರ ಡಿಸೆಂಬರ್ ಆದ ಮೇಲೆ 2023ರ ಏಪ್ರಿಲ್, ಆಮೇಲೆ 2024ರ ಫೆಬ್ರವರಿ.

ಈಗ ಸಾಚಿಯ ಕಂತಿಗೆ ಬರುತ್ತೇನೆ. 27ನೆಯ ಮಹಡಿಯ ನಿಧಿ ಕೋಣೆಯಲ್ಲಿ ಪೆಟ್ಟಿಗೆ ತೆರೆದೊಡನೆ ಬಾಗಿಲು ಮುಚ್ಚುತ್ತದೆ, ಪಾರಾಗಲು ಬಳಸುವ ಹರಳುಗಳು ಕೆಲಸ ಮಾಡುವುದಿಲ್ಲ, ಮೂನ್‌ಲಿಟ್ ಬ್ಲಾಕ್ ಕ್ಯಾಟ್ಸ್ ಎಂಬ ಸಾಚಿಯ ತಂಡದವರು ಕಿರಿಟೊ ಕಣ್ಣೆದುರೇ ಒಬ್ಬೊಬ್ಬರಾಗಿ ಚೂರಾಗುತ್ತಾರೆ. ಆಮೇಲೆ ಕ್ರಿಸ್‌ಮಸ್ ರಾತ್ರಿ ಅವನು ಒಬ್ಬನೇ ಹೋರಾಡಿ, ಸತ್ತವರನ್ನು ಬದುಕಿಸುವ ವಸ್ತುವನ್ನು ಗೆಲ್ಲುತ್ತಾನೆ. ಅದರ ವಿವರಣೆಯನ್ನು ತೆರೆದು ಓದಿದಾಗ, ಸತ್ತ ಸುಮಾರು ಹತ್ತು ಸೆಕೆಂಡಿನೊಳಗೆ ಬಳಸಿದರೆ ಮಾತ್ರ ಅದು ಫಲಿಸುತ್ತದೆ ಎಂದು ತಿಳಿಯುತ್ತದೆ. ತಿಂಗಳುಗಳ ಕಾಲ ಅವನನ್ನು ಜೀವಂತ ಇಟ್ಟಿದ್ದ ಆಸೆಯನ್ನು ಒಂದೇ ಒಂದು ಸಾಲಿನ ನಿಯಮ ಮುರಿಯುತ್ತದೆ. ಬಳಗದವರು ಅತ್ತದ್ದು ಆ ಹತ್ತು ಸೆಕೆಂಡಿಗಾಗಿ, ಅಂದರೆ ನನ್ನ ಕೋಷ್ಟಕದ ಒಂದು ಸಾಲಿಗಾಗಿ ಎಂದು ನಾನು ಬರೆದೆ.

ಅದೇ ಸಾಲು ಹದಿನಾಲ್ಕನೆಯ ಕಂತಿನಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಆಟಗಾರನ ವೇಷದಲ್ಲಿದ್ದ, ಆಟ ಕಟ್ಟಿದ ಕಯಾಬಾನೇ ಆದ ಹೀತ್‌ಕ್ಲಿಫ್ ಎದುರು ಕಿರಿಟೊನ ಪ್ರಾಣಬಿಂದು ಸೊನ್ನೆಗಿಳಿದು ದೇಹ ಒಡೆದ ಮೇಲೂ ಅವನು ಕತ್ತಿ ಚುಚ್ಚುವುದು ಶುದ್ಧ ಮೋಸ ಎಂದು ಅನೇಕರು ಬರೆದಿದ್ದಾರೆ. ಸತ್ತವರು ಹತ್ತು ಸೆಕೆಂಡಿನೊಳಗೆ ಮರಳಬಹುದು ಎಂದು ಮೂರನೆಯ ಕಂತು ಹೇಳಿರುವಾಗ, ಪ್ರಾಣಬಿಂದು ಮುಗಿದ ಕ್ಷಣದಲ್ಲೇ ಆಟಗಾರರು ತಲೆಗೆ ತೊಡುವ ನರ್ವ್‌ಗಿಯರ್ ಮೆದುಳನ್ನು ಸುಡುವುದಿಲ್ಲ ಎಂದಾಯಿತಲ್ಲ! ಆ ಸಂದಿಯಲ್ಲಿ ಒಂದು ಇರಿತಕ್ಕೆ ಜಾಗವಿದೆ. ಆದ್ದರಿಂದ ಕಿರಿಟೊನ ಇರಿತದ ಬಾಕಿಯನ್ನು ನಾನು ತೀರಿಸಿದ್ದೇನೆ. ತೀರದೆ ಉಳಿದದ್ದು ನಾಯಕಿ ಅಸುನಾಳ ಲೆಕ್ಕ. ಆಟ ಹೇರಿದ ಪಾರ್ಶ್ವವಾಯುವಿನ ಸ್ಥಿತಿಯಿಂದ ಅವಳು ಎದ್ದು ಕಿರಿಟೊಗೆ ಅಡ್ಡ ಬಂದದ್ದು ಹೇಗೆಂದು ಆಟವನ್ನು ಕಟ್ಟಿದ ಕಯಾಬಾನೇ ಅಚ್ಚರಿಪಡುತ್ತಾನೆ, ಅವಳು ಕರಗಿದ ಮೇಲೆ ಕಿರಿಟೊ ಗುರಿಯಿಲ್ಲದೆ ಕತ್ತಿ ಬೀಸುತ್ತ ನಿಲ್ಲುವ ಹೊತ್ತು ಹತ್ತು ಸೆಕೆಂಡಿಗಿಂತ ಬಹಳ ಹೆಚ್ಚು, ಆದರೂ ಅವಳು ಬದುಕುತ್ತಾಳೆ. ವಿಮರ್ಶೆ ಬೆರಳಿಟ್ಟು ತೋರಿಸಬೇಕಾದ ಜಾಗ ಇದು. ಈ ಪುಟವನ್ನು ಓದಿದ ಮೇಲೆ ಸಂಪಾದಕರು, ಮೊದಲ ಕರಡನ್ನು ಹಿಂದಿರುಗಿಸಿದ್ದವರೇ, ಒಂದು ವಾಕ್ಯವನ್ನೂ ಕತ್ತರಿಸದೆ ಅಚ್ಚಿಗೆ ಕಳಿಸಿದರು.

ಅಂಕಿಗಳ ಬಗ್ಗೆಯೂ ಒಂದು ಮಾತು. ನಾಲ್ಕನೆಯ ಕಂತಿನಲ್ಲಿ ದರೋಡೆಕೋರರು ಸುತ್ತುವರಿದು ಹೊಡೆಯುತ್ತಿದ್ದರೂ ಕಿರಿಟೊ ಅಲುಗದೆ ನಿಲ್ಲುತ್ತಾನೆ. ಹತ್ತು ಸೆಕೆಂಡಿಗೆ ಅವರು ಕಳೆಯುವ ಪ್ರಾಣಬಿಂದು ಸುಮಾರು 400, ತಾನಾಗಿಯೇ ತುಂಬಿಕೊಳ್ಳುವುದು 600, ಒಟ್ಟು ಇರುವುದು 14,500, ತನ್ನ ಮಟ್ಟ 78 ಎಂದು ಅವನೇ ವಿವರಿಸುತ್ತಾನೆ. ನೋಡುವವರಿಗೆ ಇದು ಜಂಬದ ದೃಶ್ಯ. ಖಾತೆ ಇಟ್ಟವರಿಗೆ ಇದು ಒಂದು ವಾದ: ಸಂಖ್ಯೆ ಹೆಚ್ಚಾದಷ್ಟೂ ಅನ್ಯಾಯವನ್ನು ಸಮರ್ಥಿಸಿಕೊಳ್ಳುವ ಲೋಕವಿದು ಎಂದು ಅವನೇ ಅಲ್ಲಿ ಹೇಳುತ್ತಿದ್ದಾನೆ. ಅವನು ಅತಿಬಲಶಾಲಿ ಎಂಬ ದೂರಿಗೆ ಸರಣಿಯೊಳಗೇ ಇರುವ ಈ ಉತ್ತರವನ್ನು ಯಾರೂ ಎತ್ತಿಕೊಂಡಿರಲಿಲ್ಲ, ನಾನು ಎತ್ತಿಕೊಂಡೆ.

ನಡುವೆ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಒಂದು ವಾರಾಂತ್ಯಕ್ಕೆ ಸಾವಿರದ ಐನೂರರಷ್ಟು ಬಾಡಿಗೆ ಕೊಟ್ಟು ವಿಆರ್ ಹೆಡ್‌ಸೆಟ್ ತಂದು, ಖಡ್ಗದ ಆಟವೊಂದನ್ನು ಆಡಿದೆ. ಮುಕ್ಕಾಲು ಗಂಟೆಯೊಳಗೆ ತಲೆ ಸುತ್ತಿತು, ಆದರೆ ಮುಖ್ಯವಾದ ಒಂದು ವಿಷಯ ಹೊಳೆಯಿತು. ಇಂದಿನ ಹೆಡ್‌ಸೆಟ್ಟಿನಲ್ಲಿ ನಮ್ಮ ಕೈಕಾಲು ಕೋಣೆಯಲ್ಲೇ ಆಡುತ್ತಿರುತ್ತವೆ, ನರ್ವ್‌ಗಿಯರ್ ತೊಟ್ಟವರ ದೇಹವಾದರೋ ಹಾಸಿಗೆಯ ಮೇಲೆ ಅಲುಗಾಡದೆ ಬಿದ್ದಿರುತ್ತದೆ. ಹತ್ತು ನಿಮಿಷ ವಿದ್ಯುತ್ ತಪ್ಪಿದರೆ, ಎರಡು ಗಂಟೆ ಜಾಲಸಂಪರ್ಕ ಕಡಿದರೆ, ಅಥವಾ ಯಾರಾದರೂ ಕಳಚಿದರೆ ಸಾವು ಎಂದು ಮೊದಲ ಕಂತಿನಲ್ಲಿ ಹೇಳುವ ನಿಯಮ ಆಟಗಾರರಿಗಿಂತ ಹೆಚ್ಚಾಗಿ ಅವರ ಮನೆಯವರಿಗೆ ಹಾಕಿದ್ದು. ಕಯಾಬಾ ಮಾತನಾಡುವ ಹೊತ್ತಿಗಾಗಲೇ 213 ಮಂದಿ ಸತ್ತಿರುವುದು ಮನೆಯವರೇ ಅದನ್ನು ಕಳಚಿದ್ದರಿಂದ. ಈ ಕಥೆಯ ಹಿಡಿತ ಎಷ್ಟೆಂದರೆ, ಕಥೆಯಲ್ಲಿ ಆಟ ಶುರುವಾಗುವ 2022ರ ನವೆಂಬರ್ 6ರಂದೇ ಆಕ್ಯುಲಸ್ ಸ್ಥಾಪಕ ಪಾಮರ್ ಲಕ್ಕಿ, ಆಟದಲ್ಲಿ ಸತ್ತರೆ ನಿಜವಾಗಿಯೂ ಕೊಲ್ಲುವ ಸ್ಫೋಟಕ ಅಳವಡಿಸಿದ ಹೆಡ್‌ಸೆಟ್ ತಯಾರಿಸಿರುವುದಾಗಿ ಪ್ರಕಟಿಸಿದರು.

ಆಲ್ಫ್‌ಹೈಮ್ ಎಂಬ ಬೇರೊಂದು ಆಟದಲ್ಲಿ ನಡೆಯುವ ಎರಡನೆಯ ಭಾಗವನ್ನು ಬೇಗ ಮುಗಿಸಿದೆ. ನಿಯಮಗಳು ಅಲ್ಲಿ ಸಡಿಲವಾದವು ಎಂಬುದು ನನ್ನ ಆಕ್ಷೇಪವಲ್ಲ. ಎಪ್ಪತ್ತೈದು ಮಹಡಿ ಏರಿ ಬಂದ ಉಪದಳಪತಿ ಅಸುನಾಳನ್ನು ಪಂಜರದಲ್ಲಿ ಕೂರಿಸಿ, ಕೊನೆಗೆ ಅವಮಾನದ ದೃಶ್ಯವೊಂದಕ್ಕೆ ಸಾಧನವಾಗಿಸಿದ್ದನ್ನು ನಾನು ಕ್ಷಮಿಸಲಾರೆ. ಅದನ್ನು ಹಾಗೆಯೇ ಬರೆದಿದ್ದೇನೆ.

ಖಾತೆ ನನಗೆ ಕೊಟ್ಟ ದೊಡ್ಡ ಫಲ 2014ರ ಎರಡನೆಯ ಋತುವಿನ ಮದರ್ಸ್ ರೊಸಾರಿಯೊ ಭಾಗದಲ್ಲಿ ಬಂತು. ಒಂದೇ ತಂಡ ಮಹಡಿಯ ದೈತ್ಯನನ್ನು ಸೋಲಿಸಿದರೆ ಏಳೂ ಜನರ ಹೆಸರು ಸ್ಮಾರಕದ ಮೇಲೆ ಕೆತ್ತಲ್ಪಡುತ್ತದೆ, ಹಲವು ತಂಡಗಳು ಸೇರಿದರೆ ನಾಯಕರ ಹೆಸರು ಮಾತ್ರ. ಸಾವಿನ ಅಂಚಿನಲ್ಲಿರುವ ಯೂಕಿ ಎಂಬ ಹುಡುಗಿ ಮತ್ತು ಗೆಳೆಯರು ದೊಡ್ಡ ಸೈನ್ಯ ಕಟ್ಟದೆ ಏಳೇ ಜನ ನುಗ್ಗುವುದು ಈ ನಿಯಮಕ್ಕಾಗಿ. ಮಹಡಿಯ ಕಾಲಮಿನಲ್ಲಿ ಆ ಗೆಲುವನ್ನು ಬರೆಯುವಾಗ ಕಣ್ಣಿಗೆ ಬಿದ್ದದ್ದು 27 ಎಂಬ ಅಂಕಿ. ಸಾಚಿಯ ತಂಡ ನಿರ್ನಾಮವಾದ ಅದೇ 27ನೆಯ ಮಹಡಿ, ಈಗ ಆಲ್ಫ್‌ಹೈಮ್‌ನ ಹೊಸ ಐನ್‌ಕ್ರಾಡ್‌ನಲ್ಲಿ. ಸಣ್ಣ ತಂಡವೊಂದು ಅಲ್ಲಿ ಹೆಸರಿಲ್ಲದೆ ಅಳಿಯಿತು, ಇನ್ನೊಂದು ಸಣ್ಣ ತಂಡ ಅಲ್ಲಿಯೇ ಹೆಸರು ಕೆತ್ತಿಸಿಕೊಂಡಿತು. ಇದನ್ನು ಓದಿದ ಮೇಲೆ, ಕೋಷ್ಟಕ ಏತಕ್ಕೆಂದು ಕೇಳಿದ್ದ ಗೆಳೆಯರು ನನ್ನ ನೋಟ್‌ಬುಕ್ಕನ್ನು ಎರವಲು ಕೇಳಿದರು. ಮೂರು ಕಾಲಂಗಳ ನಕಲನ್ನಷ್ಟೇ ಕೊಟ್ಟೆ.

ಖರ್ಚನ್ನು ಕೂಡಿದರೆ, ಇಂಗ್ಲಿಷ್ ಅನುವಾದದ ಐದು ಸಂಪುಟಗಳಿಗೆ ನಾಲ್ಕು ಸಾವಿರದ ಆಸುಪಾಸು, ವಿಡಿಯೊ ಮತ್ತು ಹೆಡ್‌ಸೆಟ್‌ಗೆ ಮೇಲೆ ಹೇಳಿದಷ್ಟು, ಸರಣಿ ನೋಡಲು ಕಟ್ಟಿದ ಚಂದಾ ತಿಂಗಳಿಗೆ ನೂರಕ್ಕೂ ಕಡಿಮೆ. ಒಟ್ಟು ಹತ್ತು ಸಾವಿರದ ಹತ್ತಿರ. ಬಂದ ಸಂಭಾವನೆ ಒಂದೂವರೆ ಸಾವಿರ. ಹಣದ ಲೆಕ್ಕದಲ್ಲಿ ನಷ್ಟವೇ, ಆದರೆ ಅದೇ ಪತ್ರಿಕೆ ಮುಂದಿನ ಎರಡು ಲೇಖನಗಳನ್ನು ಮುಂಚಿತವಾಗಿಯೇ ಕೇಳಿದೆ. ಹೊಸದಾಗಿ ಕೈಹಾಕುವವರು ಒಂದು, ಎರಡು ಮತ್ತು ಏಳನೆಯ ಸಂಪುಟಗಳನ್ನು ಮೊದಲು ಕೊಂಡರೆ ಸಾಕು, ಉಳಿದವು ಆಮೇಲೆ.

ಸದ್ಯ ಲಾಗ್ ಹೊರೈಜನ್ ಎಂಬ, ಆಟದ ಲೋಕದ್ದೇ ಇನ್ನೊಂದು ಅನಿಮೆಯ ಮೇಲೆ ಕೆಲಸ ನಡೆಯುತ್ತಿದೆ. ಅಲ್ಲಿ ಸತ್ತವರು ದೇವಾಲಯದಲ್ಲಿ ಮತ್ತೆ ಎದ್ದೇಳುತ್ತಾರೆ, ಪ್ರತಿ ಸಾವಿಗೂ ನೆನಪು ಒಂದಿಷ್ಟು ಅಳಿಯುತ್ತದೆ; ಹಾಗಾಗಿ ಸಾವಿನ ಕಾಲಂ ಬದಲು ನೆನಪಿನ ಕಾಲಂ ಹಾಕಿದ್ದೇನೆ. ನಾಯಕ ಶಿರೊಯೆ 50 ಲಕ್ಷ ಚಿನ್ನದ ನಾಣ್ಯ ಹೊಂದಿಸಿ ಗಿಲ್ಡ್ ಕಟ್ಟಡವನ್ನೇ ಕೊಂಡು, ಇಡೀ ಊರಿನ ಗುಂಪುಗಳನ್ನು ಒಂದು ಮೇಜಿನ ಸುತ್ತ ಕೂರಿಸುವ ಕಂತುಗಳನ್ನು ಈಗ ಎರಡನೆಯ ಸಲ ನೋಡುತ್ತಿದ್ದೇನೆ, ಮತ್ತು ಈ ಸರಣಿಗೆ ಹಣಕ್ಕೇ ಪ್ರತ್ಯೇಕ ಪುಟ ತೆರೆಯಬೇಕಾಗಿ ಬಂದಿದೆ.