ಬ್ರೆಸ್ಟ್ ಲಿಫ್ಟ್ ಆದವರಿಗೆ ಬ್ರಾ ಹೊಲಿದ ನನ್ನ ಅನುಭವ

ರವಿಕೆ ಹೊಲಿಯೋರಿಗೆ ಈ ಉಸಾಬರಿ ಯಾಕಮ್ಮ ಅಂತ ನಮ್ಮ ಕಟಿಂಗ್ ಮಾಸ್ಟರ್ ನಕ್ಕಿದ್ದರು. ಈಗ ತಿಂಗಳಿಗೆ ಏಳೆಂಟು ಆರ್ಡರ್ ಬರುತ್ತಿವೆ.

ಶುರುವಾಗಿದ್ದು ಹಳೇ ಗಿರಾಕಿಯೊಬ್ಬರಿಂದ. ಎರಡು ಬಾಣಂತನ ಆಗಿ ಎದೆ ಜೋತುಬಿದ್ದಿತ್ತು, ಅದನ್ನು ಮೇಲೆತ್ತುವ ಆಪರೇಷನ್, ಅಂದರೆ ಬ್ರೆಸ್ಟ್ ಲಿಫ್ಟ್, ಮಾಡಿಸುವವರಿದ್ದರು. ರೆಡಿಮೇಡ್ ಸರ್ಜರಿ ಬ್ರಾಗೆ ರೂ. 2,500 ಹೇಳಿದ್ದರಂತೆ. ನಾನೇ ಹೊಲಿದುಕೊಡ್ತೀನಿ ಅಂದೆ. ಆಪರೇಷನ್‌ಗೆ ಮುಂಚೆಯೇ ಪೂರ್ತಿ ಅಳತೆ ತಗೊಂಡೆ. ಅಲ್ಲೇ ಎಡವಿದ್ದು. ಲಿಫ್ಟ್‌ನಲ್ಲಿ ಜಾಸ್ತಿ ಇರುವ ಚರ್ಮ ತೆಗೆದು ತೊಟ್ಟನ್ನು ಮೇಲಕ್ಕೆ ತರುತ್ತಾರೆ, ಗಾತ್ರ ಅಷ್ಟೇನೂ ಇಳಿಯಲ್ಲ. ನನ್ನ ಪಾಯಿಂಟ್ ಅಳತೆ (ಭುಜದಿಂದ ತೊಟ್ಟಿನವರೆಗಿನದು) ಎರಡು ಇಂಚು ತಪ್ಪಿತ್ತು. ಮೇಲೆ ಊತ ಬೇರೆ. ಕಪ್ ಎಲ್ಲೋ, ಎದೆ ಎಲ್ಲೋ.

ಎರಡನೆಯ ಸಲ ಅಳತೆ ಕೂತಿತು, ಕೆಳಗಿನ ಎಲಾಸ್ಟಿಕ್ ಗಾಯದ ಮೇಲೇ ಉಜ್ಜಿತು. ಸಂಜೆಯೊಳಗೆ ಬಿಚ್ಚಿಟ್ಟರು. ದುಡ್ಡು ವಾಪಸ್ ಕೊಟ್ಟೆ. ಹೀಗೆ ಐದಾರು ಪೀಸ್, ಸುಮಾರು 3,000 ನೀರಿಗೆ ಹೋಯ್ತು.

ಈಗ ಮೊದಲ ಪ್ರಶ್ನೆಯೇ, "ಅಕ್ಕ, ಗಾಯ ಎಲ್ಲೆಲ್ಲಿ ಬರುತ್ತೆ?" ಸ್ವಲ್ಪ ಜೋತಿದ್ದರೆ ತೊಟ್ಟಿನ ಸುತ್ತಿನ ಕಪ್ಪು ಅಂಚಿನಲ್ಲಿ ಗುಂಡಗೆ. ಇನ್ನೂ ಜೋತಿದ್ದರೆ ಅಲ್ಲಿಂದ ನೆಟ್ಟಗೆ ಕೆಳಕ್ಕೊಂದು ಗೆರೆ. ತೀರಾ ಜಾಸ್ತಿಯಾದರೆ ಎದೆ ಕೆಳಗಿನ ಮಡಿಕೆಯಲ್ಲೂ ಅಡ್ಡಗೆರೆ, ತಲೆಕೆಳಗಾದ 'ಟಿ' ಥರ. ನನ್ನ ಎಲಾಸ್ಟಿಕ್ ಕೂತಿದ್ದು ಆ ಅಡ್ಡಗೆರೆ ಮೇಲೆ. ಈ 'ಟಿ' ಗುರುತಿನ ಪ್ಯಾಟರ್ನನ್ನು 1956ರಲ್ಲಿ ವೈಸ್ ಎಂಬ ಡಾಕ್ಟರ್ ಬ್ರಾ ಕಟಿಂಗ್ ನೋಡಿಯೇ ಮಾಡಿದ್ದು. ಮಾಸ್ಟರ್‌ಗೆ ಇದನ್ನು ಎರಡು ಸಲ ಹೇಳಿದೆ!

ಬಟ್ಟೆ ಎಳೆದರೆ ಹಿಗ್ಗುವ ಕಾಟನ್ ಲೈಕ್ರಾ. ಪ್ರಿನ್ಸೆಸ್ ಕಟ್ ಬೇಡ, ಅದರ ಜಾಯಿಂಟ್ ನೆಟ್ಟಗಿನ ಗಾಯದ ಮೇಲೇ ಬರುತ್ತದೆ. ಅಂಚಿನ ಓವರ್‌ಲಾಕ್ ಹೊಲಿಗೆ ಗಾಯಕ್ಕೆ ತಾಗದ ಹಾಗೆ ಹೊರಗಡೆ ಇರಲಿ, ನೋಡೋಕೆ ಚೆನ್ನಾಗಿಲ್ಲ ಅಂದರೂ ಸರಿ. ಕೈ ಹಿಂದೆ ಹೋಗಲ್ಲ, ಹಾಗಾಗಿ ಹುಕ್ಕು ಮುಂದೆ, ಮೂರು ಸಾಲು. ಊತ ಇಳಿದ ಹಾಗೆ ಬಿಗಿ ಮಾಡಿಕೊಳ್ಳುತ್ತಾರೆ. ಪಕ್ಕದ ಹೊಲಿಗೆ ಕಚ್ಚಾ ಹಾಕಿಟ್ಟು, ಆಪರೇಷನ್ ಆದಮೇಲೆ ಪಕ್ಕಾ ಮಾಡುತ್ತೇನೆ. ತಂತಿಯ ಬ್ರಾ ಡಾಕ್ಟರ್ ಹೇಳುವವರೆಗೂ ಬೇಡ, ಸಾಮಾನ್ಯವಾಗಿ ಆರು ವಾರ.

ನಡುವೆ ಹಳೇ ಪಂಚೆಯನ್ನೂ ಲೈನಿಂಗ್ ಹಾಕಿ ನೋಡಿದೆ. ಮೆತ್ತಗಿತ್ತು, ಆದರೆ ಹಿಗ್ಗಲ್ಲ, ಸುಕ್ಕುಗಟ್ಟಿತು.

ಕೆಳಪಟ್ಟಿಯನ್ನು ಮಡಿಕೆಯಿಂದ ಎರಡು ಇಂಚು ಕೆಳಗಿಳಿಸಿದ್ದೇ ನನ್ನ ಗೆಲುವು. ಅದು ಮೇಲಕ್ಕೆ ಸುರುಳಿ ಸುತ್ತದ ಹಾಗೆ ಏನು ಮಾಡ್ತೀನಿ ಅನ್ನೋದು ನನ್ನ ಹತ್ತಿರವೇ ಇರಲಿ. ಖರ್ಚು 180ರ ಆಸುಪಾಸು, ತಗೊಳ್ಳೋದು 650.

ಮೊನ್ನೆ ಮಾಸ್ಟರೇ ಪೇಪರ್ ಕಟಿಂಗ್ ಕೇಳಿದರು. ಕೊಟ್ಟೆ, ಕೆಳಪಟ್ಟಿ ಒಂದು ಬಿಟ್ಟು.